ಥರ್ಮಾಮೀಟರ್ ತೋರಿಸಿದ್ದು 97, ಪುಸ್ತಕದಲ್ಲಿರುವುದು 100

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಾಲೆಯ ಲ್ಯಾಬಿನ ಬಗ್ಗೆ. ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಿಯಾದ ನನಗೆ ಇಂಥ ಪತ್ರ ಓದುವುದೆಂದರೆ ತುಂಬಾ ಇಷ್ಟ. ಕೆಲವಕ್ಕೆ ಉದ್ದಕ್ಕೇ ಉತ್ತರ ಬರೆದಿದ್ದೇನೆ.

ಟೀಚರ್, ನಾನು ಒಂಬತ್ತನೇ ಕ್ಲಾಸು. ಲ್ಯಾಬಿನಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಅಂತ ಅಳೆದೆವು. ನಮ್ಮ ಗುಂಪಿನ ಥರ್ಮಾಮೀಟರ್ 97ಕ್ಕೆ ನಿಂತುಬಿಟ್ಟಿತು. ಎಷ್ಟು ಹೊತ್ತು ಕಾಯಿಸಿದರೂ ಮೇಲೆ ಹೋಗಲಿಲ್ಲ. ಪಕ್ಕದ ಗುಂಪಿನವರು 100 ಅಂತ ಬರೆದರು, ಅವರಿಗೆ ಪೂರ್ತಿ ಮಾರ್ಕ್ಸ್ ಬಂತು. ನಾನು 97 ಬರೆದಿದ್ದೆ, ಆಮೇಲೆ ವೈಟ್ನರ್ ಹಚ್ಚಿ 100 ಮಾಡಿದೆ. ನಾನು ಮಾಡಿದ್ದು ತಪ್ಪಾ? ಮುಂದೆ ಇಲ್ಲಿನ ಎಂಸಿಎಫ್‌ನಲ್ಲಿ, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ, ಕೆಲಸ ಮಾಡಬೇಕು ಅಂತ ನನ್ನಾಸೆ.
— ಒಬ್ಬ ವಿದ್ಯಾರ್ಥಿನಿ, ಹಾಸನ

ಪುಟ್ಟಾ, ನಿನ್ನ 97 ಸರಿಯಾಗಿಯೇ ಇತ್ತು. ನೀರು 100 ಡಿಗ್ರಿಗೆ ಕುದಿಯುವುದು ಸಮುದ್ರದ ಮಟ್ಟದಲ್ಲಿ, ಮಂಗಳೂರಿನಂಥ ಊರಿನಲ್ಲಿ. ನಮ್ಮ ಹಾಸನ ಸಮುದ್ರಕ್ಕಿಂತ ಸುಮಾರು 970 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ನೀರು ಅಷ್ಟು ಬಿಸಿಯಾಗುವ ಮೊದಲೇ ಕುದಿಯುತ್ತದೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೋ. 970ನ್ನು 300ರಿಂದ ಭಾಗಿಸು. ಮೂರು ಚಿಲ್ಲರೆ ಬಂತು ಅಲ್ವಾ? ನೂರರಲ್ಲಿ ಅಷ್ಟು ಕಳೆದರೆ 97ರ ಹತ್ತಿರವೇ ಬರುತ್ತೀಯ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಲ್ಲಿ ಒಲೆ ಹೂಡಿದರೆ 94 ಆಗುವ ಮೊದಲೇ ನೀರು ಕುದಿಯುತ್ತದೆ. ಅಂಥ ಎತ್ತರದಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯಲು ಜಾಸ್ತಿ ಹೊತ್ತು ಹಿಡಿಯುವುದೂ ಇದೇ ಕಾರಣಕ್ಕೆ.

ಹಾಗಂತ ಥರ್ಮಾಮೀಟರನ್ನು ಸುಮ್ನೆ ನಂಬಬೇಡ. ಶಾಲೆಯವು ಹಳೆಯದಾಗಿರುತ್ತವೆ, ಒಂದೆರಡು ಡಿಗ್ರಿ ಹೆಚ್ಚುಕಡಿಮೆ ತೋರಿಸುತ್ತವೆ. ಐಸ್ ಕುಟ್ಟಿ ಲೋಟಕ್ಕೆ ತುಂಬು, ಸ್ವಲ್ಪ ನೀರು ಹಾಕು, ಥರ್ಮಾಮೀಟರ್ ಇಟ್ಟು ಐದು ನಿಮಿಷ ಕಾಯಿ. ಸೊನ್ನೆ ತೋರಿಸಬೇಕು. ಕರಗುವ ಐಸಿನ ಉಷ್ಣತೆ ಹಾಸನದಲ್ಲೂ ಮಂಗಳೂರಿನಲ್ಲೂ ಒಂದೇ. ಅಲ್ಲಿ 1 ತೋರಿಸಿದರೆ ಆ ಥರ್ಮಾಮೀಟರಿಗೆ ಒಂದು ಡಿಗ್ರಿ ಜಾಸ್ತಿ ಹೇಳುವ ಅಭ್ಯಾಸ ಇದೆ ಅಂತ ಬರೆದಿಟ್ಟುಕೋ. ಕುದಿಯುವಾಗ ಅದರ ಬುಡ ಬೀಕರಿನ ತಳಕ್ಕೆ ತಗುಲಬಾರದು. ಕಣ್ಣು ಗೆರೆಯ ನೇರಕ್ಕಿರಬೇಕು.

ವೈಟ್ನರ್ ಹಚ್ಚಿದ್ದು ಮಾತ್ರ ತಪ್ಪು. ಬಯ್ಯುತ್ತಿಲ್ಲ, ನಿನ್ನ ಜಾಗದಲ್ಲಿ ಯಾವ ಮಗುವಾದರೂ ಹಾಗೇ ಮಾಡೀತು. ಆದರೆ ಲ್ಯಾಬ್ ರೆಕಾರ್ಡಿನಲ್ಲಿ ಏನನ್ನೂ ಮುಚ್ಚಬಾರದು. ತಪ್ಪಾದರೆ ಒಂದೇ ಗೆರೆ ಎಳಿ, ಕೆಳಗಿನ ಅಂಕಿ ಕಾಣುತ್ತಿರಲಿ, ಪಕ್ಕದಲ್ಲಿ ಸರಿಯಾದದ್ದು ಬರಿ. ಈಗ ಆ 100ರ ಮೇಲೆ ಗೆರೆ ಎಳೆದು 97 ಬರಿ. ನಿಮ್ಮ ಸಾರ್ ಹತ್ತಿರ ವಾದ ಮಾಡಬೇಡ. "ಸಾರ್, ಎಲ್ಲ ಗುಂಪಿನ ಥರ್ಮಾಮೀಟರೂ ಒಂದೇ ಬೀಕರಿಗೆ ಹಾಕಿ ನೋಡೋಣವಾ?" ಅಂತ ಕೇಳು. ಅವರಿಗೂ ಖುಷಿಯಾಗುತ್ತದೆ.

ಸಾಲಗಾಮೆ ರಸ್ತೆಯ ಎಂಸಿಎಫ್‌ನಲ್ಲಿ 1982ರಿಂದ ಉಪಗ್ರಹಗಳನ್ನು ಹಗಲು ರಾತ್ರಿ ಕಾಯುತ್ತಿದ್ದಾರೆ. ಪರದೆಯ ಮೇಲೆ ಬಂದ ಅಂಕಿಯನ್ನು ಬಂದ ಹಾಗೇ ತೆಗೆದುಕೊಳ್ಳುವವರು ಬೇಕು ಅವರಿಗೆ. ನೀನು ಮೊದಲು ಬರೆದದ್ದು ಅಂಥದ್ದೇ.

ನಮ್ಮದು ಹಿರಿಯ ಪ್ರಾಥಮಿಕ ಶಾಲೆ. ಲ್ಯಾಬ್ ಇಲ್ಲ, ಬೀರುವಿನಲ್ಲಿ ಒಂದು ಹಳೆ ವಿಜ್ಞಾನ ಕಿಟ್ ಇದೆ. ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಏನಿಂದ ಶುರು ಮಾಡಲಿ, ಮೇಡಂ? ಅರಿಶಿನ, ಸುಣ್ಣದ ಪ್ರಯೋಗ ಮಾಡಿಸಬಹುದಾ?
— ಶಿಕ್ಷಕಿ, ಮೂಡಿಗೆರೆ ತಾಲ್ಲೂಕು

ಮಳೆ ಅಳೆಯುವುದರಿಂದ ಶುರು ಮಾಡಿ. ನಿಮ್ಮ ಮಕ್ಕಳಲ್ಲಿ ಎಷ್ಟೋ ಜನ ಕಾಫಿ ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವವರು. "ನಿನ್ನೆ ಎಷ್ಟು ಸೆಂಟು?" ಅನ್ನುವ ಮಾತು ಅವರ ಕಿವಿಗೆ ಬಿದ್ದೇ ಇರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಒಂದು ಇಂಚು ಬಿತ್ತಾ ಇಲ್ಲವಾ ಅನ್ನುವುದರ ಮೇಲೆ ಇಡೀ ತೋಟದ ವರ್ಷ ನಿಂತಿರುತ್ತದೆ. ನೂರು ಸೆಂಟು ಒಂದು ಇಂಚು, ಒಂದು ಇಂಚು ಅಂದರೆ 25.4 ಮಿಲಿಮೀಟರ್. ಅಂದರೆ ಒಂದು ಮಿಲಿಮೀಟರಿಗೆ ಸುಮಾರು ನಾಲ್ಕು ಸೆಂಟು. ಈ ಲೆಕ್ಕವನ್ನು ಮಕ್ಕಳೇ ಮನೆಯಲ್ಲಿ ಅಪ್ಪನಿಗೆ ಹೇಳಿಕೊಡುತ್ತಾರೆ, ನೋಡಿ ಬೇಕಾದರೆ.

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ಕೂರಿಸಿ. ಕತ್ತರಿಸುವುದು ನೀವೇ. ತಳ ಉಬ್ಬುತಗ್ಗು ಇರುತ್ತದೆ, ಸಣ್ಣ ಕಲ್ಲು ಹಾಕಿ ನೇರ ಭಾಗದವರೆಗೆ ನೀರು ತುಂಬಿ. ಅಲ್ಲಿ ಸೊನ್ನೆಯ ಗೆರೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಮರ, ಸೂರಿನ ಹನಿ ಬೀಳದ ಕಡೆ, ಬಯಲಿನಲ್ಲಿ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯಲಿ, ಹವಾಮಾನ ಇಲಾಖೆಯವರು ಮಳೆ ಅಳೆಯುವುದೂ ಅದೇ ಹೊತ್ತಿಗೆ. ನೋಡಿದ ಮೇಲೆ ಸೊನ್ನೆಯ ಗೆರೆವರೆಗೆ ನೀರು ಚೆಲ್ಲಬೇಕು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು. ಮೂವರು ಮಕ್ಕಳು ಬೇರೆ ಬೇರೆ ನೋಡಿ, ಒಬ್ಬರಿಗೊಬ್ಬರು ಹೇಳದೆ ಚೀಟಿಯಲ್ಲಿ ಬರೆಯಲಿ. ಒಂದು ದಿನ ನಮ್ಮಲ್ಲಿ 17, 17, 19 ಬಂತು. 19 ಬರೆದವಳು ಅಳುವ ಹಾಗಾದಳು. "ನೀನು ಹೇಗೆ ನೋಡಿದೆ, ತೋರಿಸು" ಅಂದೆ. ಅವಳು ನಿಂತುಕೊಂಡೇ ಮೇಲಿನಿಂದ ನೋಡಿದ್ದಳು. ಉಳಿದಿಬ್ಬರು ಮಂಡಿಯೂರಿ ಕೂತು ನೀರಿನ ಮಟ್ಟಕ್ಕೆ ಕಣ್ಣು ಇಟ್ಟಿದ್ದರು. ನೀರಿನ ಮೇಲ್ಮೈ ಬದಿಯಲ್ಲಿ ಸ್ವಲ್ಪ ಮೇಲೇರಿರುತ್ತದೆ, ನಡುವಿನ ತಗ್ಗನ್ನೇ ಓದಬೇಕು ಅನ್ನುವುದೂ ಅವತ್ತೇ ಗೊತ್ತಾಯಿತು. ಅವಳ 19ನ್ನು ಅಳಿಸಲು ಬಿಡಲಿಲ್ಲ. "ನಿಂತು ನೋಡಿದ್ದು" ಅಂತ ಪಕ್ಕದಲ್ಲಿ ಬರೆಸಿದೆ.

ಅರಿಶಿನದ ಪ್ರಯೋಗ ಧಾರಾಳವಾಗಿ ಮಾಡಿಸಿ. ಆರತಿ ನೀರು ಕೆಂಪಾಗುವುದು ಮಕ್ಕಳಿಗೆ ಗೊತ್ತೇ ಇದೆ. ದಾಸವಾಳದ ರಸವೂ ಚೆಂದ, ನಿಂಬೆಹುಳಿಗೆ ಗುಲಾಬಿ, ಸೋಪಿನ ನೀರಿಗೆ ಹಸಿರು. ಆದರೆ ಸುಣ್ಣವನ್ನು ಮಕ್ಕಳ ಕೈಗೆ ಕೊಡಬೇಡಿ. ಎಲೆ ಅಡಿಕೆಯ ಸುಣ್ಣ ತಾನೇ ಅಂತ ನಾವೆಲ್ಲ ಸಲುಗೆ ತೋರಿಸುತ್ತೇವೆ. ಆ ಪುಟ್ಟ ಸುಣ್ಣದ ಪ್ಯಾಕೆಟ್ ಹಿಚುಕಿದಾಗ ಪಟ್ಟನೆ ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಸುಣ್ಣ ಕಣ್ಣಿನ ಮೇಲ್ಪದರವನ್ನು ಸುಡುತ್ತಾ ಒಳಗೆ ಇಳಿಯುತ್ತದೆ. ಹಾಗಾಗಿ ಸೋಪಿನ ನೀರೇ ಸಾಕು. ಕಣ್ಣಿಗೆ ಏನೇ ಬಿದ್ದರೂ ಉಜ್ಜಬಾರದು. ರೆಪ್ಪೆ ಅಗಲಿಸಿ ಹಿಡಿದು ಕನಿಷ್ಠ 15 ನಿಮಿಷ ಧಾರೆ ನೀರಿನಲ್ಲಿ ತೊಳೆಯಬೇಕು, ಆಮೇಲೆ ನೇರ ಆಸ್ಪತ್ರೆ. ತಂಬಿಗೆ, ಕೊಡದಲ್ಲಿ ನೀರು ಮೊದಲೇ ತುಂಬಿಸಿಟ್ಟು ಪಾಠ ಶುರು ಮಾಡಿ.

ಮಗಳು ಎಂಟನೇ ಕ್ಲಾಸು. ಲ್ಯಾಬಿನಲ್ಲಿ ಆಸಿಡ್ ಮುಟ್ಟಿಸುತ್ತಾರಂತೆ. ನನಗೆ ಭಯ. ಅವಳನ್ನು ಹೊರಗೆ ಕೂರಿಸಿ ಅಂತ ಶಾಲೆಗೆ ಹೇಳಬಹುದಾ?
— ಒಬ್ಬ ತಾಯಿ, ಚಿಕ್ಕಮಗಳೂರು

ಬೇಡಮ್ಮ, ಹೊರಗೆ ಕೂರಿಸಬೇಡಿ. ಶಾಲೆಗೆ ಹೋಗಿ ಬೇರೆ ಪ್ರಶ್ನೆ ಕೇಳಿ. ಮಕ್ಕಳಿಗೆ ಕೊಡುವುದು ದುರ್ಬಲಗೊಳಿಸಿದ ಆಸಿಡ್ ತಾನೇ? ಕನ್ನಡಕ ಇದೆಯಾ? ಹತ್ತಿರದಲ್ಲಿ ನಲ್ಲಿ ಇದೆಯಾ? ಒಂದು ಮೇಜಿಗೆ ಎಷ್ಟು ಮಕ್ಕಳು? ಗಟ್ಟಿ ಆಸಿಡ್ ಬೆರೆಸುವ ಕೆಲಸ ಶಿಕ್ಷಕರದ್ದು. ನೀರಿಗೆ ಆಸಿಡನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಆಸಿಡಿಗೆ ನೀರು ಹಾಕಬಾರದು. ಕಾದ ಎಣ್ಣೆಗೆ ನೀರಿನ ಹನಿ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ. ಗಟ್ಟಿ ಸಲ್ಫ್ಯೂರಿಕ್ ಆಸಿಡ್ ನೀರಿಗಿಂತ 1.84 ಪಟ್ಟು ಭಾರ. ಮೇಲೆ ಹಾಕಿದ ನೀರು ಮೇಲೇ ನಿಂತು, ಅಲ್ಲೇ ಕುದಿದು ಸಿಡಿಯುತ್ತದೆ.

ಲ್ಯಾಬ್ ಇರುವ ದಿನ ಜಡೆ ಬಿಗಿಯಾಗಿ ಮಡಿಚಿ ಕಟ್ಟಿ, ವೇಲ್ ಎರಡೂ ಕಡೆ ಪಿನ್ ಹಾಕಿ, ಚಪ್ಪಲಿ ಬದಲು ಶೂ ಹಾಕಿಸಿ. ಇಷ್ಟು ನಿಮ್ಮ ಕೈಲಿದೆ.

ಇನ್ನೊಂದು ಮಾತು. ನನಗೆ ಲ್ಯಾಬಿಗಿಂತ ಮನೆಯ ಬಚ್ಚಲಿನ ಭಯ ಜಾಸ್ತಿ. ಟಾಯ್ಲೆಟ್ ಆಸಿಡ್, ತೋಟದ ಔಷಧಿ ಇವನ್ನು ಜ್ಯೂಸ್ ಬಾಟಲಿಯಲ್ಲಿ ಹಾಕಿಡುವ ಮನೆಗಳು ಎಷ್ಟಿಲ್ಲ! ಇವತ್ತೇ ಒಂದು ಸಲ ನೋಡಿ. ಟಾಯ್ಲೆಟ್ ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಎಂದೂ ಬೆರೆಸಬೇಡಿ, ಕ್ಲೋರಿನ್ ಅನ್ನುವ ವಿಷದ ಗಾಳಿ ಹೊರಡುತ್ತದೆ.

ಸ್ಪಿರಿಟ್ ದೀಪವನ್ನು ಊದಿ ಆರಿಸಬಾರದು ಅನ್ನುತ್ತಾರೆ. ಯಾಕೆ?
— ಕಡೂರು

ಊದಿದರೆ ಉರಿ ಪಕ್ಕದವರ ಮುಖದ ಕಡೆ ಹಾಯಬಹುದು. ಮುಚ್ಚಳ ಹಾಕಿದರೆ ತಾನೇ ಆರುತ್ತದೆ. ಹಗಲು ಬೆಳಕಿನಲ್ಲಿ ಸ್ಪಿರಿಟ್ಟಿನ ಉರಿ ಸರಿಯಾಗಿ ಕಾಣುವುದೇ ಇಲ್ಲ, ಆರಿದೆ ಅಂದುಕೊಂಡು ಸ್ಪಿರಿಟ್ ಸುರಿಯಲು ಹೋಗಬೇಡಿ. ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಟೂತ್ ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ.

ನಮ್ಮ ಲ್ಯಾಬಿನಲ್ಲಿ ಗಾಜಿನ ಸಾಮಾನು ಒಡೆದರೆ ಮಕ್ಕಳಿಂದ ದುಡ್ಡು ತೆಗೆದುಕೊಳ್ಳುತ್ತೇವೆ. ಆದರೂ ಒಡೆಯುವುದು ಕಡಿಮೆಯಾಗಿಲ್ಲ. ದಂಡ ಜಾಸ್ತಿ ಮಾಡಬೇಕಾ?
— ವಿಜ್ಞಾನ ಶಿಕ್ಷಕ, ಅರಸೀಕೆರೆ

ದಂಡ ತೆಗೆದುಬಿಡಿ ಸಾರ್. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ನಮ್ಮ ಶಾಲೆಯಲ್ಲೂ ದಂಡ ಇತ್ತು. ಒಬ್ಬ ಹುಡುಗನ ಕೈಯಿಂದ ಬೀಕರ್ ಜಾರಿತು. ಮನೆಯಲ್ಲಿ ದುಡ್ಡು ಕೇಳುವ ಧೈರ್ಯ ಇರಲಿಲ್ಲ. ಚೂರುಗಳನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ತುರುಕಿದ. ಸಂಜೆ ಕಸ ಎತ್ತಲು ಕೈ ಹಾಕಿದ ಆಯಾ ಅವರ ಹೆಬ್ಬೆರಳಿನ ಬುಡ ಸೀಳಿತು, ನಾಲ್ಕು ಹೊಲಿಗೆ. ಮಾರನೇ ದಿನ ಆ ಹುಡುಗ ನನ್ನ ಮುಂದೆ ಬಂದು ನಿಂತ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಮುಚ್ಚಿಡುವುದನ್ನು ಅವನಿಗೆ ಕಲಿಸಿದ್ದು ನಾವೇ. ಮೇಲೆ ಬರೆದ ಹಾಸನದ ಹುಡುಗಿ ವೈಟ್ನರ್ ಹಚ್ಚಿದಳಲ್ಲ, ಅವಳದ್ದೂ ಇವನದ್ದೂ ಒಂದೇ ಭಯ.

ಒಡೆಯುವುದು ಕಡಿಮೆಯಾಗಬೇಕು ಅಂದರೆ ಯಾಕೆ ಒಡೆಯುತ್ತದೆ ಅಂತ ಗೊತ್ತಾಗಬೇಕು. ಅದು ಗೊತ್ತಾಗುವುದು ಮಕ್ಕಳು ಬಂದು ಹೇಳಿದರೆ ಮಾತ್ರ. ನಾನು ಒಂದು ನೋಟ್‌ಬುಕ್ ಇಟ್ಟೆ. ಏನು ಒಡೆಯಿತು, ಹೇಗೆ ಒಡೆಯಿತು, ಅಷ್ಟೇ. ಹೆಸರು ಬೇಡ, ದುಡ್ಡೂ ಬೇಡ. ಎರಡು ತಿಂಗಳಾದ ಮೇಲೆ ಓದಿದರೆ ಅರ್ಧಕ್ಕರ್ಧ ಟೆಸ್ಟ್ ಟ್ಯೂಬು ಬಿಸಿಯಿದ್ದಾಗಲೇ ನಲ್ಲಿಯ ಕೆಳಗೆ ಹಿಡಿದು ಬಿರುಕು ಬಿಟ್ಟದ್ದು. ಒಂದು ಮರದ ಸ್ಟ್ಯಾಂಡ್ ಇಟ್ಟು, "ಮೊದಲು ಇಲ್ಲಿ ಆರಲಿ" ಅಂತ ಬರೆದೆ. ಒಡೆಯುವುದು ತಾನಾಗಿಯೇ ಕಡಿಮೆಯಾಯಿತು.

ಗಾಜಿಗೆ ಅಂತಲೇ ಒಂದು ತಗಡಿನ ಡಬ್ಬ, ಪುಟ್ಟ ಪೊರಕೆ, ಮೊರ ಇಡಿ. ಚೂರನ್ನು ಕೈಯಲ್ಲಿ ಎತ್ತಬಾರದು. ಪಾದರಸದ ಥರ್ಮಾಮೀಟರ್ ಇದ್ದರೆ ಎತ್ತಿಟ್ಟು, ಕೆಂಪು ಆಲ್ಕೋಹಾಲಿನದ್ದು ತರಿಸಿ. ಕುದಿಯುವ ನೀರಿಗೆ 110ರವರೆಗೆ ಗುರುತು ಇರುವುದನ್ನೇ ನೋಡಿ ಕೊಳ್ಳಿ. ಅಂಗೈ ಮೇಲೆ ಪಾದರಸ ಉರುಳಿಸಿ ಆಡುವುದು ಮಕ್ಕಳಿಗೆ ಇಷ್ಟ, ಅದರ ಆವಿ ಉಸಿರಿನಲ್ಲಿ ಸೇರುವುದು ಅವರಿಗೆ ಕಾಣುವುದಿಲ್ಲ.

ನೋಟ್‌ಬುಕ್ಕಿನ ಮೊದಲ ಸಾಲನ್ನು ನೀವೇ ಬರೆಯಿರಿ ಸಾರ್. ನಾನು ಬರೆದದ್ದು ಇದು: "100 ಮಿ.ಲೀ. ಅಳತೆ ಸಿಲಿಂಡರ್. ತೊಳೆಯುವಾಗ ನಲ್ಲಿಗೆ ತಗುಲಿತು. ಟೀಚರ್."