ಗ್ರೌಂಡ್ ಲೇಯರಿಂಗ್ ಮಾಡಿದ ಮೇಪಲ್ ಬೋನ್ಸಾಯ್ ಬಿಸಿಲಲ್ಲಿಡಬೇಕಾ, ನೆರಳಲ್ಲಾ?

ಹೊಸ ಬೇರು ಬರಲೆಂದು ಬುಡದ ತೊಗಟೆಯನ್ನು ಉಂಗುರದಂತೆ ಕೆತ್ತಿ ಮಣ್ಣು ಮುಚ್ಚಿದ ಮೇಲೆ (ಇದೇ ಗ್ರೌಂಡ್ ಲೇಯರಿಂಗ್) ಜಪಾನೀ ಮೇಪಲ್ ಕುಂಡವನ್ನು ಪೂರ್ತಿ ನೆರಳಿಗೆ ತಳ್ಳಬೇಡಿ. ಪಾಪ, ಗಾಯವಾಗಿದೆ ಅಂತ ಹಾಗೆ ಮಾಡುವವರೇ ಜಾಸ್ತಿ. ತೊಗಟೆ ಹೋದರೂ ಒಳಗಿನ ಕಟ್ಟಿಗೆಯಲ್ಲಿ ನೀರು ಮೇಲೇರುತ್ತಲೇ ಇರುತ್ತದೆ, ಎಲೆ ಬಾಡುವುದಿಲ್ಲ. ಎಲೆ ತಯಾರಿಸಿದ ಸಕ್ಕರೆ ಮಾತ್ರ ಕೆಳಗಿಳಿಯಲಾಗದೆ ಗಾಯದ ಮೇಲಂಚಿನಲ್ಲಿ ನಿಲ್ಲುತ್ತದೆ. ಹೊಸ ಬೇರು ಒಡೆಯುವುದು ಅಲ್ಲೇ. ಬಿಸಿಲಿಲ್ಲದಿದ್ದರೆ ಆ ಸಕ್ಕರೆ ಎಲ್ಲಿಂದ ಬರಬೇಕು, ಅಲ್ವಾ?

ಬೆಳಗಿನ ಬಿಸಿಲು ಮೂರ್ನಾಲ್ಕು ಗಂಟೆ ಸಿಗಲಿ, ಮಧ್ಯಾಹ್ನ ನೆರಳಿರಲಿ. ಸುಡುಬಿಸಿಲಿಗೆ ಎಲೆಯಂಚು ಕಂದಾಗಿ ಮುರುಟುತ್ತದೆ. ಗಾಯದ ಸುತ್ತಲ ಮಣ್ಣು ಒಣಗಿದರಂತೂ ಎಳೆಬೇರಿನ ಕಥೆ ಮುಗಿಯಿತು.

ಬೇರು ಬಲಿತು, ಹಳೆ ಬುಡದಿಂದ ಕತ್ತರಿಸಿದಾಗ ಮಾತ್ರ ನಿಜವಾಗಿ ನೆರಳು ಬೇಕು: ಎರಡು ಮೂರು ವಾರ, ಗಾಳಿ ಬಡಿಯದ ಮೂಲೆಯಲ್ಲಿ.