ಒಂದೇ ಮ್ಯಾನೇಜ್‌ಮೆಂಟ್ ಎಲ್ಲ ದೇಶಕ್ಕೂ ಒಗ್ಗುತ್ತದೆಯೇ?

ಜಾಗತೀಕರಣ ಇಷ್ಟು ಬೆಳೆದ ಮೇಲೆ ಕಂಪನಿಗಳು ಒಂದೇ ಮ್ಯಾನೇಜ್‌ಮೆಂಟ್ ರೀತಿಯನ್ನು ಎಲ್ಲ ದೇಶಗಳಲ್ಲೂ ನಡೆಸಬಹುದಲ್ವಾ ಅಂತ ಕೇಳಿದ್ದೀರಿ. ಸರಕು, ಸಾಫ್ಟ್‌ವೇರ್, ಲೆಕ್ಕಪತ್ರದ ಮಟ್ಟಿಗೆ ಬಹುಪಾಲು ನಡೆಯುತ್ತದೆ. ಜನರ ವಿಷಯಕ್ಕೆ ಬಂದರೆ ಅಷ್ಟು ಸಲೀಸಲ್ಲ.

ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಕಾಲಿಟ್ಟಿತು. ಅಮೆರಿಕದಲ್ಲಿ ಗೆದ್ದ ರೀತಿಯನ್ನೇ ಅಲ್ಲಿಗೂ ಒಯ್ದಿತು. ಬಾಗಿಲಲ್ಲಿ ನಗುನಗುತ್ತಾ ಸ್ವಾಗತಿಸುವವರು, ಕೌಂಟರಿನಲ್ಲಿ ಸಾಮಾನನ್ನು ಚೀಲಕ್ಕೆ ತುಂಬಿಕೊಡುವವರು. ನಮ್ಮ ಸಾಮಾನನ್ನು ಇವರ‍್ಯಾಕೆ ಮುಟ್ಟುತ್ತಾರೆ ಅಂತ ಗಿರಾಕಿಗಳಿಗೆ ಕಿರಿಕಿರಿ. ಸಹೋದ್ಯೋಗಿಗಳ ಪ್ರೇಮಕ್ಕೆ ಕಡಿವಾಣ ಹಾಕುವ ನಿಯಮ ಬೇರೆ! ಅದನ್ನು 2005ರಲ್ಲಿ ಅಲ್ಲಿನ ಕೋರ್ಟ್ ತಳ್ಳಿಹಾಕಿತು. 2006ರಲ್ಲಿ 85 ಅಂಗಡಿಗಳನ್ನು ಮೆಟ್ರೋ ಎಂಬ ಜರ್ಮನ್ ಚಿಲ್ಲರೆ ವ್ಯಾಪಾರದ ಕಂಪನಿಗೆ ಮಾರಿ ಹೊರಟರು.

ಈ ಸೋಲಿಗೆ ಸಂಸ್ಕೃತಿ ಒಂದೇ ಕಾರಣ ಅಲ್ಲ ಅನ್ನಿ. ಆಲ್ಡಿ, ಲಿಡ್ಲ್ ಎಂಬ ಜರ್ಮನ್ ಅಂಗಡಿ ಸರಣಿಗಳು ಆಗಲೇ ಅಲ್ಲಿ ಅಗ್ಗಕ್ಕೆ ಮಾರುತ್ತಿದ್ದವು. ನನ್ನನ್ನು ಕೇಳಿದರೆ ಜಾಸ್ತಿ ಪೆಟ್ಟು ಬಿದ್ದದ್ದು ಅಲ್ಲೇ.