ವಿಂಡೋದಲ್ಲಿ ಕಂಡ ಬಣ್ಣ ಪ್ರೋಗ್ರಾಮಿಗೆ ಬೇರೆಯಾಗಿ ಸಿಗುವುದೇಕೆ?

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ ಸೀರೆ ನೇಯುತ್ತಾರೆ. ದಡಿಯ ವಿನ್ಯಾಸವನ್ನು ಗ್ರಾಫ್ ಹಾಳೆಯ ಬದಲು ಕಂಪ್ಯೂಟರಿನಲ್ಲಿಯೇ ಚೌಕಗಳಾಗಿ ತುಂಬಲೆಂದು ಸಿ ಭಾಷೆಯಲ್ಲಿ, ಓಪನ್‌ಜಿಎಲ್ (ಚಿತ್ರ ಬರೆಯುವ ಗ್ರಾಫಿಕ್ಸ್ ವ್ಯವಸ್ಥೆ) ಮತ್ತು ಜಿಎಲ್‌ಎಫ್‌ಡಬ್ಲ್ಯೂ (ವಿಂಡೋ, ಮೌಸ್ ನೋಡಿಕೊಳ್ಳುವ ಲೈಬ್ರರಿ) ಬಳಸಿ, ಪ್ರೋಗ್ರಾಂ ಬರೆಯುತ್ತಿದ್ದೇನೆ. ಮೌಸ್ ಒತ್ತಿದ ಚೌಕದ ಬಣ್ಣವನ್ನು ಜಿಎಲ್‌ರೀಡ್‌ಪಿಕ್ಸೆಲ್ಸ್ ಎಂಬ ಓಪನ್‌ಜಿಎಲ್ ಕರೆಯಿಂದ ಓದಿಸಿದರೆ ಮೇಲಿನ ಸಾಲಿಗೆ ಕೆಳಗಿನ ಸಾಲಿನ ಬಣ್ಣ ಬರುತ್ತದೆ. ಕೆಲವೊಮ್ಮೆ ಬರೀ ಕಪ್ಪು ಬರುತ್ತದೆ. ವಿಂಡೋವನ್ನು ಬಿಎಂಪಿ ಕಡತವಾಗಿ ಉಳಿಸಿದಾಗ ಕೆಂಪು ದಡಿ ನೀಲಿಯಾಗುತ್ತದೆ. ಅಗಲ 600 ಪಿಕ್ಸೆಲ್ ಇದ್ದಾಗ ನೆಟ್ಟಗಿದ್ದ ಚಿತ್ರ 601 ಆದಾಗ ಓರೆಯಾಗಿ ಜಾರುತ್ತದೆ. ಪ್ಯಾಕ್ ಅಲೈನ್‌ಮೆಂಟನ್ನು (ಪ್ರತಿ ಸಾಲನ್ನು ಎಷ್ಟು ಬೈಟ್‌ಗಳ ಗುಣಕಕ್ಕೆ ಹೊಂದಿಸಬೇಕೆಂಬ ಸೆಟ್ಟಿಂಗನ್ನು) 1ಕ್ಕೆ ಇಟ್ಟಿದ್ದೇನೆ. ದೋಷ ಗ್ರಾಫಿಕ್ಸ್ ಕಾರ್ಡಿನದೇ?
– ಓದುಗರು, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಕಾರ್ಡನ್ನು ಅನುಮಾನಿಸಲು ಕಾರಣವಿಲ್ಲ. ನೀವು ಹೇಳಿದ ನಾಲ್ಕೂ ತೊಂದರೆಗಳಿಗೆ ನಾಲ್ಕು ಬೇರೆ ಕಾರಣಗಳಿವೆ.

ಬಣ್ಣ ತಲೆಕೆಳಗಾಗುವುದರ ಕಾರಣ ಸರಳ. ಜಿಎಲ್‌ಎಫ್‌ಡಬ್ಲ್ಯೂ ಮೌಸ್‌ನ ಸ್ಥಾನವನ್ನು ವಿಂಡೋದ ಮೇಲಿನ ಎಡ ಮೂಲೆಯಿಂದ ಅಳೆದರೆ, ಓಪನ್‌ಜಿಎಲ್ ಪಿಕ್ಸೆಲ್‌ಗಳನ್ನು ಕೆಳಗಿನ ಎಡ ಮೂಲೆಯಿಂದ ಎಣಿಸುತ್ತದೆ. ಎತ್ತರದಿಂದ 1 ಹಾಗೂ ಮೌಸ್‌ನ ವೈ ಬೆಲೆಯನ್ನು ಕಳೆಯಿರಿ. ಎತ್ತರ 400 ಇದ್ದು ಮೌಸ್ 10ರಲ್ಲಿದ್ದರೆ 389ನೆಯ ಸಾಲನ್ನು ಓದಬೇಕು. ಮ್ಯಾಕ್‌ನ ರೆಟಿನಾ ಪರದೆಯಂಥವುಗಳಲ್ಲಿ ವಿಂಡೋದ ಅಳತೆಯೂ ಫ್ರೇಮ್‌ಬಫರಿನ (ಚಿತ್ರದ ಪಿಕ್ಸೆಲ್‌ಗಳಿರುವ ಮೆಮೊರಿಯ) ಅಳತೆಯೂ ಒಂದೇ ಆಗಿರುವುದಿಲ್ಲವಾದ್ದರಿಂದ, ಮೊದಲು ಅವುಗಳ ಅನುಪಾತದಿಂದ ಮೌಸ್‌ನ ಬೆಲೆಯನ್ನು ಗುಣಿಸಿಕೊಳ್ಳಬೇಕು.

ಕಪ್ಪು ಬರುವುದಕ್ಕೆ ಕಾರಣ ನೀವು ಓದುತ್ತಿರುವ ಹೊತ್ತು. ಡಬಲ್ ಬಫರಿಂಗ್ ಇರುವ ವಿಂಡೋದಲ್ಲಿ ಚಿತ್ರ ಪರದೆಯಲ್ಲಿ ಕಾಣದ ಹಿಂದಿನ (ಬ್ಯಾಕ್) ಬಫರಿನಲ್ಲಿ ಸಿದ್ಧವಾಗಿ, ಸ್ವಾಪ್ (ಬಫರುಗಳ ಅದಲುಬದಲು) ಮಾಡಿದಾಗ ಪರದೆಗೆ ಬರುತ್ತದೆ. ಜಿಎಲ್‌ರೀಡ್‌ಪಿಕ್ಸೆಲ್ಸ್ ನೀವು ಬೇರೆ ಹೇಳದಿದ್ದರೆ ಆ ಹಿಂದಿನ ಬಫರನ್ನೇ ಓದುತ್ತದೆ. ಸ್ವಾಪ್ ಆದ ಮೇಲೆ ಅದರಲ್ಲಿ ಏನಿರಬೇಕೆಂಬುದಕ್ಕೆ ಯಾವ ಖಾತ್ರಿಯೂ ಇಲ್ಲ: ಹಳೆಯ ಚಿತ್ರವಿರಬಹುದು, ಬರೀ ಕಪ್ಪಿರಬಹುದು. ಮೌಸ್‌ನ ಕಾಲ್‌ಬ್ಯಾಕ್ (ಮೌಸ್ ಒತ್ತಿದಾಗ ತಾನಾಗಿ ನಡೆಯುವ ನಿಮ್ಮ ಫಂಕ್ಷನ್) ನಡೆಯುವುದು ಮೌಸ್, ಕೀಲಿಮಣೆಗಳ ಘಟನೆಗಳನ್ನು ಗಮನಿಸುವ ಪೋಲ್‌ಇವೆಂಟ್ಸ್ ಕರೆಯ ಒಳಗೆ. ಆ ಕರೆಯನ್ನು ಸಾಮಾನ್ಯವಾಗಿ ಎಲ್ಲರೂ ಸ್ವಾಪ್‌ನ ನಂತರವೇ ಬರೆಯುತ್ತಾರೆ, ನೀವೂ ಹಾಗೆಯೇ ಬರೆದಿರಬೇಕು. ಕಾಲ್‌ಬ್ಯಾಕ್‌ನಲ್ಲಿ ಒತ್ತಿದ ಸ್ಥಾನವನ್ನಷ್ಟೇ ನೆನಪಿಟ್ಟುಕೊಂಡು, ಮುಂದಿನ ಸುತ್ತಿನಲ್ಲಿ ಚಿತ್ರ ಬರೆದು ಮುಗಿದ ಮೇಲೆ, ಸ್ವಾಪ್‌ಗೆ ಮುಂಚೆ ಓದಿಕೊಂಡರೆ ಈ ತೊಂದರೆ ತಪ್ಪುತ್ತದೆ.

ಕೆಂಪು ನೀಲಿಯಾಗುವುದು ಬಿಎಂಪಿಯ ಪದ್ಧತಿಯಿಂದ. 24 ಬಿಟ್‌ನ ಬಿಎಂಪಿಯಲ್ಲಿ ಪ್ರತಿ ಪಿಕ್ಸೆಲ್‌ನ ಬೈಟ್‌ಗಳು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿರುತ್ತವೆ. ಓದುವಾಗಲೇ ಆರ್‌ಜಿಬಿ ಬದಲು ಬಿಜಿಆರ್ ಕೇಳಿದರೆ ಸಾಕು. ಓರೆಯ ವಿಷಯ ಇದಕ್ಕಿಂತ ಸ್ವಾರಸ್ಯಕರವಾಗಿದೆ. ಬಿಎಂಪಿಯ ಪ್ರತಿ ಸಾಲೂ 4ರಿಂದ ಭಾಗವಾಗುವಷ್ಟು ಬೈಟ್ ಇರಬೇಕೆಂಬ ನಿಯಮವಿದೆ. ಅಗಲ 600 ಆದರೆ 1800 ಬೈಟ್, ಸರಿಹೋಗುತ್ತದೆ; 601 ಆದರೆ 1803, ಅಂದರೆ ಸಾಲಿನ ಕೊನೆಗೆ ಒಂದು ಖಾಲಿ ಬೈಟ್ ಬೇಕು. ನೀವು ಅದನ್ನು ಇಡದಿರುವುದರಿಂದ ಚಿತ್ರ ತೋರಿಸುವ ತಂತ್ರಾಂಶ ಪ್ರತಿ ಸಾಲಿಗೂ ಒಂದೊಂದು ಬೈಟ್ ಮುಂದೆ ಸರಿಯುತ್ತ ಹೋಗುತ್ತದೆ. ಅಲೈನ್‌ಮೆಂಟನ್ನು 1ಕ್ಕೆ ಇಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಖಾಲಿ ಬೈಟ್ ಬಯಸದ ಕಡೆ ಅದು ಸರಿಯೂ ಹೌದು. ಆದರೆ ಓಪನ್‌ಜಿಎಲ್ ತಾನಾಗಿ ಇಟ್ಟುಕೊಂಡಿರುವ 4 ಎಂಬ ಬೆಲೆ ಬಿಎಂಪಿಯ ನಿಯಮಕ್ಕೆ ಹೇಳಿ ಮಾಡಿಸಿದಂತಿದೆ. ಅದನ್ನೇ ಉಳಿಸಿಕೊಂಡು, ಸಾಲಿಗೆ 1804ರಂತೆ ಮೆಮೊರಿ ಮೀಸಲಿಡಿ. 1803ರಂತೆ ಇಟ್ಟರೆ ಓದು ಮೀಸಲು ಜಾಗವನ್ನು ದಾಟಿ ಪ್ರೋಗ್ರಾಂ ಕುಸಿಯಬಹುದು. ಬಿಎಂಪಿಯೂ ಸಾಮಾನ್ಯವಾಗಿ ಕೆಳಗಿನ ಸಾಲಿನಿಂದಲೇ ಆರಂಭವಾಗುವುದರಿಂದ ಚಿತ್ರವನ್ನು ತಿರುಗಿಸುವ ಕೆಲಸವೂ ತಪ್ಪುತ್ತದೆ.

ಇಷ್ಟು ಹೇಳಿದ ಮೇಲೂ, ಒತ್ತಿದ ಚೌಕ ಯಾವುದೆಂದು ತಿಳಿಯಲು ಪಿಕ್ಸೆಲ್ ಓದುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಆ ಚೌಕಗಳನ್ನು ತುಂಬಿದವರು ನೀವೇ. ಯಾವ ಸಾಲಿನ ಯಾವ ಮನೆಗೆ ಯಾವ ನೂಲು ಎಂಬ ಅರೇ ನಿಮ್ಮ ಬಳಿ ಇದ್ದೇ ಇರುತ್ತದೆ. ಮೌಸ್‌ನ ಸ್ಥಾನವನ್ನು ಚೌಕದ ಅಳತೆಯಿಂದ ಭಾಗಿಸಿದರೆ ಸಾಲು, ಮನೆ ಎರಡೂ ಸಿಗುತ್ತವೆ. ಪಿಕ್ಸೆಲ್‌ನಿಂದ ನೂಲನ್ನು ಗುರುತಿಸಹೊರಟರೆ ಆ್ಯಂಟಿ‌ಅಲಿಯಾಸಿಂಗ್ (ಅಂಚುಗಳನ್ನು ನಯಗೊಳಿಸುವ ವಿಧಾನ) ಇದ್ದಾಗ ಗೆರೆಗಳ ಅಂಚಿನಲ್ಲಿ ಕೆಂಪೂ ಅಲ್ಲದ ಬಿಳಿಯೂ ಅಲ್ಲದ ನಡುವಣ ಬಣ್ಣ ಸಿಕ್ಕಿ, ನಿಮ್ಮ ಪಟ್ಟಿಯ ಯಾವ ನೂಲಿಗೂ ಹೊಂದದೆ ಹೋಗುತ್ತದೆ. ಚಿತ್ರವನ್ನು ಕಡತವಾಗಿ ಉಳಿಸುವುದಕ್ಕೆ ಮಾತ್ರ ಜಿಎಲ್‌ರೀಡ್‌ಪಿಕ್ಸೆಲ್ಸ್ ಇರಲಿ. ಪ್ರತಿ ಫ್ರೇಮಿನಲ್ಲೂ ಅದನ್ನು ಕರೆಯಬೇಡಿ. ಕಾರ್ಡು ಹಿಂದಿನ ಕೆಲಸವನ್ನೆಲ್ಲ ಮುಗಿಸುವವರೆಗೆ ಪ್ರೊಸೆಸರ್ ಕಾಯುತ್ತ ನಿಲ್ಲಬೇಕಾಗುತ್ತದೆ.

ಪ್ರಶ್ನೆ: ಕಾಲೇಜಿನ ಪ್ರಯೋಗಾಲಯದಲ್ಲಿ ಟರ್ಬೋ ಸಿ (ಹಳೆಯ ಸಿ ಕಂಪೈಲರ್) ಬಳಸುತ್ತೇವೆ. ಕೆಂಪು ಗೆರೆಯ ಮೇಲೆ ಗೆಟ್‌ಪಿಕ್ಸೆಲ್ (ಪಿಕ್ಸೆಲ್‌ನ ಬಣ್ಣ ಓದುವ ಫಂಕ್ಷನ್) ಕರೆದರೆ 4 ಬರುತ್ತದೆ. 255 ಬರಬೇಕಲ್ಲವೇ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಇಲ್ಲ. ಅಲ್ಲಿ ಇರುವುದು 16 ಬಣ್ಣಗಳ ಪ್ಯಾಲೆಟ್. 0 ಕಪ್ಪು, 4 ಕೆಂಪು, 15 ಬಿಳಿ. ಗೆಟ್‌ಪಿಕ್ಸೆಲ್ ಹಿಂದಿರುಗಿಸುವುದು ಆ ಪಟ್ಟಿಯಲ್ಲಿನ ಕ್ರಮಸಂಖ್ಯೆಯನ್ನೇ ಹೊರತು ಕೆಂಪಿನ ತೀವ್ರತೆಯನ್ನಲ್ಲ. ಇಲ್ಲಿ ಎಣಿಕೆ ಮೇಲಿನ ಎಡ ಮೂಲೆಯಿಂದಲೇ ಆರಂಭವಾಗುವುದರಿಂದ, ಇಳಕಲ್‌ನ ಓದುಗರಿಗೆ ಹೇಳಿದ ಕಳೆಯುವ ಲೆಕ್ಕ ನಿಮಗೆ ಬೇಕಿಲ್ಲ.